ಕಲ್ಲುಗಣಿಯ ತಾಯಿಗೆ ಉಡಿ

ಈಗ ಆ ಕಲ್ಲುಗಣಿಯ ಜಾಗದಲ್ಲಿ ದೊಡ್ಡ ಚರ್ಚಿದೆ. ಮೇರಿಮಾತೆಯ ಹಬ್ಬದ ದಿನ ಮುಂಬೈಯಿಂದಲೂ ಜನ ಬರುತ್ತಾರೆ. ಪ್ರಾರ್ಥನೆ ಮುಗಿದ ಮೇಲೆ ಪಾದ್ರಿಗಳು ಎಲ್ಲರ ಸೆರಗಿಗೆ, ಕರವಸ್ತ್ರಕ್ಕೆ ಹಿಡಿ ಅಕ್ಕಿ ಹಾಕುತ್ತಾರೆ. ಈ ಪದ್ಧತಿ ಎಲ್ಲಿಂದ ಬಂತೆಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಪವಾಡ ಹೇಳುತ್ತಾರೆ. ನನಗೆ ನಗು ಬರುತ್ತದೆ. ಆ ಪವಾಡ ನಮ್ಮ ಅತ್ತೆಯದು.

ನಾನು ಧಾರವಾಡದಿಂದ ಸೊಸೆಯಾಗಿ ಪುಣೆಗೆ ಬಂದದ್ದು ಬ್ರಿಟಿಷರ ಕಾಲದಲ್ಲಿ. ಮಾವನವರು ಕಾರಕೂನರು; ಮನೆ ಯೆರವಡಾದಿಂದಾಚೆ. ಹತ್ತಿರದ ಹಳ್ಳಿಯ ಕಲ್ಲುಗಣಿಯಲ್ಲಿ ಬೆಳಗಾವಿ ಕಡೆಯ ಒಬ್ಬ ಕ್ಯಾಥೊಲಿಕ್ ಕಲ್ಲುಕುಟಿಗನಿದ್ದ. ಒಮ್ಮೆ ಬಂಡೆ ಉರುಳಿ ಕೂದಲೆಳೆಯ ಅಂತರದಲ್ಲಿ ಬದುಕಿದ. ಅದೇ ಬಂಡೆಯಲ್ಲಿ ಅವನೊಂದು ಗೂಡು ಕೊರೆದ. ಅವನ ಹೆಂಡತಿ ತವರಿನಿಂದ ತಂದಿದ್ದ ಮೇರಿಮಾತೆಯ ಮೂರ್ತಿಯನ್ನು ಅದರಲ್ಲಿಟ್ಟಳು. ಕೂಸನ್ನೆತ್ತಿಕೊಂಡ ಗೇಣುದ್ದದ ಮೂರ್ತಿ. ತವರಿನದೆಂದು ಅವಳಿಗೆ ಉಳಿದಿದ್ದುದು ಅದೊಂದೇ.

ಕನ್ನಡ ಮಾತಾಡುವ ಇವಳು ಸಿಕ್ಕಳೆಂದು ಅತ್ತೆಗೆ ಹಿಗ್ಗೋ ಹಿಗ್ಗು. ಒಂದು ಶುಕ್ರವಾರ ಮೂರ್ತಿ ನೋಡಲು ಹೋದವರು ಅವಳನ್ನೇ ತರಾಟೆಗೆ ತೆಗೆದುಕೊಂಡರು.

“ಕೂಸಿನ ತಾಯಿ ಈಕಿ. ಉಡಿ ಖಾಲಿ ಇಟ್ಟೀಯಲ್ಲವಾ?”

ಮುಂದಿನ ವಾರ ಉಡಿ ತುಂಬಲು ಕುಪ್ಪಸದ ಖಣ, ಅಕ್ಕಿ, ಉತ್ತತ್ತಿ, ಕೊಬ್ಬರಿ ಬಟ್ಟಲು ಹೊರಟವು. “ಅತ್ತಿ, ಅವರ ದೇವರಿಗೆ ಇದು ನಡೀತದೋ ಇಲ್ಲೋ,” ಎಂದೆ.

“ತಾಯಿಗೆ ನಡೀಲಾರದ್ದು ಏನದ?” ಎಂದರು.

ಮರಾಠಿ ಹೆಂಗಸರಲ್ಲೂ ಉಡಿ ತುಂಬುವುದುಂಟು, ಅವರೂ ಬರತೊಡಗಿದರು. ಅತ್ತೆಗೆ ಒಂದೇ ಕೊರಗು. ಉಡಿ ತುಂಬಿಸಿಕೊಂಡವಳು ತುಂಬಿದವಳ ಸೆರಗಿಗೆ ಒಂದಿಷ್ಟು ಅಕ್ಕಿ ತಿರುಗಿ ಹಾಕಬೇಕು. ಗುಡಿಯಲ್ಲಾದರೆ ದೇವಿಯ ಪರವಾಗಿ ಪೂಜಾರಿ ಹಾಕುತ್ತಾನೆ. “ಈ ಗುಡಿಗೆ ಪೂಜಾರಿನೇ ಇಲ್ಲ ನೋಡು,” ಎಂದು ಪೇಚಾಡುತ್ತಿದ್ದರು.

ಮೂರ್ತಿಗೆ ಕುಂಕುಮ ಏರಿದ ಸುದ್ದಿ ಪುಣೆ ಊರೊಳಗಿನ ಪಾದ್ರಿಗಳಿಗೆ ಮುಟ್ಟಿತು. ಶುಕ್ರವಾರ ಬಂದು ಅದನ್ನು ತಮ್ಮ ಚರ್ಚಿಗೆ ಒಯ್ಯುವುದಾಗಿ ಹೇಳಿ ಕಳಿಸಿದರು. ಕಲ್ಲುಕುಟಿಗನ ಹೆಂಡತಿ ನಮ್ಮ ಕಟ್ಟೆಯ ಮೇಲೆ ಕೂತು ಅತ್ತಳು. “ಅವ್ವಾರ, ನನ್ನ ತವರಿನ ತಾಯಿನ್ನ ಒಯ್ತಾರಂತ್ರಿ.” ಅತ್ತೆ ಅಂದು ಊಟ ಬಿಟ್ಟರು. ನನಗೆ ಅತ್ತೆಯ ಮೇಲೆ ಸಿಟ್ಟೇ ಬಂದಿತ್ತು.

ಪಾದ್ರಿಗಳು ಟಾಂಗಾದಲ್ಲಿ ಬಂದರು. ಬಿಳಿ ಗಡ್ಡದ ಪರದೇಶದವರು. ಮರಾಠಿ ಮಾತ್ರ ನನಗಿಂತ ಚೆನ್ನ. ಮೂರ್ತಿಯನ್ನು ಗೂಡಿನಿಂದ ತೆಗೆದು ಕುಂಕುಮ ಒರೆಸಿದರು. ಅಕ್ಕಿ ತಂದವರು ಯಾರೆಂದು ಕೇಳಿದಾಗ ಅತ್ತೆ ಮುಂದೆ ಬಂದರು. “ಇದು ಇಲ್ಲಿ ಬೇಡ, ತಿರುಗಿ ಒಯ್ಯಿರಿ,” ಎಂದು ಪಾದ್ರಿಗಳು ಮರಾಠಿಯಲ್ಲಿ ಹೇಳಿ, ಗೂಡಿನ ಅಕ್ಕಿಯಲ್ಲಿ ಒಂದು ಹಿಡಿ ತೆಗೆದು ಅತ್ತೆಯ ಸೆರಗಿಗೆ ಹಾಕಿದರು.

ಅತ್ತೆಯ ಮುಖ ಅರಳಿತು. ಸೆರಗನ್ನು ಕಣ್ಣಿಗೊತ್ತಿಕೊಂಡು, “ತಾಯಿ ತಿರುಗಿ ಕೊಟ್ಟಳು,” ಎಂದರು. ಅಷ್ಟೇ ಸಾಕಾಯಿತು. ಹೆಂಗಸರೆಲ್ಲ ಸೆರಗೊಡ್ಡಿ ಸಾಲು ನಿಂತರು. ಪಾದ್ರಿಗಳು ಬೇಡವೆಂದು ಕೊಡುತ್ತಿದ್ದರು, ಇವರು ಪ್ರಸಾದವೆಂದು ತೆಗೆದುಕೊಳ್ಳುತ್ತಿದ್ದರು. ಒಬ್ಬೊಬ್ಬರೂ ಬಗ್ಗಿ ನಮಸ್ಕರಿಸಿದಂತೆ ಆ ಮನುಷ್ಯನ ಹುಬ್ಬಿನ ಗಂಟು ಸಡಿಲಾಯಿತು. ಕೊನೆಗೆ ನಿಂತವಳು ಕಲ್ಲುಕುಟಿಗನ ಹೆಂಡತಿ. ಅವಳೂ ಸೆರಗೊಡ್ಡಿದ್ದಳು, ಅಳುತ್ತಲೇ ಇದ್ದಳು. ಗೂಡಿನಲ್ಲಿ ಅಕ್ಕಿ ಮುಗಿದಿತ್ತು. ಪಾದ್ರಿಗಳು ಮೂರ್ತಿಯನ್ನೇ ಅವಳ ಸೆರಗಿನಲ್ಲಿಟ್ಟರು. ಕುಂಕುಮ ಮಾತ್ರ ಬೇಡವೆಂದು ಹೇಳಿ ಟಾಂಗಾ ಹತ್ತಿದರು.

ಮರುವರ್ಷ ಹಬ್ಬಕ್ಕೆ ಅವರು ಮತ್ತೆ ಬಂದಾಗ ಟಾಂಗಾದಿಂದ ಮೊದಲು ಇಳಿದದ್ದು ಅಕ್ಕಿಯ ಚೀಲ. ಅತ್ತೆ ನನ್ನ ಕಿವಿಯಲ್ಲಿ ಹೇಳಿದರು:

“ಗುಡಿಗೆ ಪೂಜಾರಿ ಸಿಕ್ಕ ನೋಡು.”