ಅರವಟ್ಟಿಗೆಯ ದಿನ ತೊಯ್ದ ಕಂಬಳಿ

ಅದು ೧೯೪೫ರ ಸುಮಾರಿನ ಬೇಸಿಗೆ. ನಮ್ಮ ಸುರಪುರ ಸೀಮೆ ಇನ್ನೂ ನಿಜಾಮರ ಆಳ್ವಿಕೆಯಲ್ಲಿತ್ತು. ನನ್ನ ಮದುವೆಯಾಗಿ ವರ್ಷವೂ ತುಂಬಿರಲಿಲ್ಲ. ನಮ್ಮದು ಕುರಿ ಸಾಕುವ ಮನೆತನ. ಹೆಂಗಸರು ಉಣ್ಣೆ ನೂಲುತ್ತಿದ್ದೆವು, ಗಂಡಸರು ಕಂಬಳಿ ನೇಯುತ್ತಿದ್ದರು. ನನ್ನ ಗಂಡ ನಿಂಗಪ್ಪ ಆ ಚಳಿಗಾಲದಲ್ಲಷ್ಟೇ ಶಹಾಪುರದ ಸಂತೆಪೇಟೆಯಲ್ಲಿ ಪುಟ್ಟದೊಂದು ಕಂಬಳಿ ಅಂಗಡಿ ಹಾಕಿದ್ದರು.

ಚಳಿ ಇರುವ ತನಕ ವ್ಯಾಪಾರ ಚೆನ್ನಾಗಿತ್ತು. ಯುಗಾದಿ ಕಳೆದದ್ದೇ ತಡ, ನಮ್ಮ ಅಂಗಡಿಯ ಕಡೆ ನೊಣವೂ ಹಾಯಲಿಲ್ಲ. ನಮ್ಮತ್ತೆಯ ಬಾಯಿ ಕೇಳಬೇಕೇ? "ಬ್ಯಾಸಗ್ಯಾಗ ಕಂಬಳಿ ಮಾರೋದಂದ್ರ ಮೀನಿಗಿ ಈಜು ಕಲಿಸಿದಂಗ. ಅಮಾಸಿ ತನಕ ನೋಡ್ತೀನಿ. ಆಮ್ಯಾಲ ಅಂಗಡಿ ಮುಚ್ಚಿ ಅಣ್ಣನ ಸಂಗಾಟ ಕುರಿ ಹೊಡಕೊಂಡು ಹೋಗ್ಲಿ" ಎಂದುಬಿಟ್ಟರು. ಕುರಿ ಹಿಂದೆ ಹೋದವರು ಮೇವು ಹುಡುಕುತ್ತ ಹೊಳೆ ದಾಟಿ ತಿಂಗಳುಗಟ್ಟಲೆ ಅಲೆಯುತ್ತಾರೆ. ಗಂಡನ ಮುಖ ಮತ್ತೆ ಯಾವಾಗ ಕಾಣುವುದೋ ಎಂಬ ಚಿಂತೆ ನನಗೆ.

ಶಹಾಪುರದ ಸಣ್ಣ ವ್ಯಾಪಾರಸ್ಥರಲ್ಲಿ ಆಗ ಒಂದು ರೂಢಿಯಿತ್ತು. ಬೇಸಿಗೆಯ ಸಂತೆಯ ದಿನ ಬೇವಿನ ಮರದ ಕೆಳಗೆ ಪಾಳಿಯ ಮೇಲೆ ಒಬ್ಬೊಬ್ಬರು ಅರವಟ್ಟಿಗೆ ಇಟ್ಟು ಬಂದವರಿಗೆಲ್ಲ ನೀರು ಕೊಡಬೇಕು. ಪೇಟೆಯ ಬಾವಿ ತಳ ಕಂಡಿರುತ್ತಿದ್ದರಿಂದ ನೀರನ್ನು ತಮ್ಮೂರಿನಿಂದಲೇ ತರಬೇಕು. ಮಧ್ಯಾಹ್ನ ಅಂಗಡಿಕಾರರೆಲ್ಲ ಆ ನೆರಳಿಗೆ ಸೇರುತ್ತಿದ್ದರು. ಯಾದಗಿರಿ ಸ್ಟೇಷನ್ನಿನಲ್ಲಿ ಯಾವ ಮಾಲು ಇಳಿಯಿತು, ಯಾವ ಊರಿಗೆ ಏನು ಬೇಕಾಗಿದೆ, ಎಲ್ಲವೂ ಅಲ್ಲೇ ಗೊತ್ತಾಗುತ್ತಿತ್ತು. ಪಾಳಿ ಹಿಡಿಯದವರನ್ನು ಯಾರೂ ತಮ್ಮವರೆಂದು ಎಣಿಸುತ್ತಿರಲಿಲ್ಲ. ನಾಲ್ಕು ಜನರ ಪರಿಚಯವಾದರೆ ಏನಾದರೂ ದಾರಿ ಸಿಕ್ಕೀತೆಂದು ನಾನೇ ಗಂಡನನ್ನು ಹುರಿದುಂಬಿಸಿ ಪಾಳಿ ಹಿಡಿಸಿದೆ. ಅವರಿಗೆ ಮಾತು ಬರುತ್ತಿರಲಿಲ್ಲ ಎಂದಲ್ಲ, ಕುರಿಗಳ ಜೊತೆ, ಎತ್ತುಗಳ ಜೊತೆ ಚೆನ್ನಾಗಿಯೇ ಬರುತ್ತಿತ್ತು. ಮನುಷ್ಯರ ಮುಂದೆ ಮಾತ್ರ ಬಾಯಿಗೆ ಬೀಗ. ಹಾಗಾಗಿ ನಾನೂ ಜೊತೆಗೆ ಹೊರಟೆ.

ಐದು ಹೊಸ ಮಣ್ಣಿನ ಕೊಡ ತುಂಬಿ ಬಂಡಿಯಲ್ಲಿಟ್ಟೆವು. ಕುಲುಕಾಟಕ್ಕೆ ಒಂದಕ್ಕೊಂದು ಬಡಿದು ಒಡೆಯಬಾರದೆಂದು, ಮಾರಲಿಕ್ಕೆ ಇಟ್ಟಿದ್ದ ಐದು ಕರಿ ಕಂಬಳಿ ತೆಗೆದು ಒಂದೊಂದಕ್ಕೆ ಬಿಗಿಯಾಗಿ ಸುತ್ತಿದೆ. ಅರ್ಧ ದಾರಿಯಲ್ಲಿ ಕೈಯಿಟ್ಟು ನೋಡಿದರೆ ಕೊಡಗಳೆಲ್ಲ ಜಿನುಗಿ ಕಂಬಳಿಗಳು ತೊಯ್ದು ತೊಪ್ಪೆಯಾಗಿವೆ. ಅತ್ತೆಯ ಮುಖ ಕಣ್ಣ ಮುಂದೆ ಬಂತು. ಕೊಡ ಮಾಡಿದವನಿಗೆ ಬಾಯಿಗೆ ಬಂದಂತೆ ಬೈದು, ಕಡೆಗೆ ಅತ್ತೂಬಿಟ್ಟೆ. ನಮ್ಮವರು ಎತ್ತುಗಳಿಗೆ ಏನೋ ಹೇಳಿದರು, ನನಗೆ ಏನೂ ಹೇಳಲಿಲ್ಲ.

ಅರವಟ್ಟಿಗೆಯಲ್ಲಿ ಕೊಡ ಇಳಿಸಿದರೆ ಹಸಿ ಉಣ್ಣೆಯ ವಾಸನೆ ಗಪ್ಪೆಂದು ಹೊಡೆಯಿತು. ಕೂತವರು ಹೆಗಲ ಮೇಲಿನ ಸೆಲ್ಲೆ ಎಳೆದು ಮೂಗಿಗೆ ಹಿಡಿದರು. ಕುರಿಯನ್ನೂ ಕರೆದುಕೊಂಡು ಬರಬೇಕಿತ್ತು ಎಂದು ಯಾರೋ ನಕ್ಕರು. ಭೂಮಿ ಬಾಯಿ ಬಿಟ್ಟರೆ ಸಾಕೆನಿಸಿತು ನನಗೆ.

ವೀಳ್ಯದೆಲೆ ವ್ಯಾಪಾರಿ ಖಾಸಿಂ ಸಾಹೇಬರು, ಪೇಟೆಗೆಲ್ಲ ಹಿರಿಯರು, ಬಾಯಾರಿ ಬಂದಿದ್ದರು. ಮುಖ ಕಿವುಚಿಕೊಂಡೇ ಒಂದು ತಂಬಿಗೆ ಕುಡಿದರು. ಮತ್ತೊಂದು ಕೇಳಿದರು. ಮೂರನೆಯದಕ್ಕೆ ಎದ್ದು ಬಂದು ಕಂಬಳಿಯ ಸುತ್ತಿನೊಳಗೆ ಕೈಯಿಟ್ಟು ನೋಡಿದರು.

"ಇಷ್ಟ ಬಿಸಿಲಾಗ ಬಂದ ನೀರು ಹ್ಯಾಂಗ್ರಿ ತಂಪದ? ಕಂಬಳಿ ಸುತ್ತೋ ಅಕಲು, ಈ ಬುದ್ಧಿ ಯಾರ್ದು?" ಎಂದು ಕೇಳಿದರು.

ಕೊಡ ಸೋರಿತ್ರಿ ಎನ್ನಲು ನಾನು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ನಮ್ಮವರು, ಜನರ ಮುಂದೆ ಎಂದೂ ತುಟಿ ಬಿಚ್ಚದವರು, "ನಮ್ಮಾಕಿದ್ರಿ" ಎಂದುಬಿಟ್ಟರು.

ಯಾದಗಿರಿ ಸ್ಟೇಷನ್ನಿನಿಂದ ಬಂಡಿಯಲ್ಲಿ ಬರುವಷ್ಟರಲ್ಲಿ ಸಾಹೇಬರ ವೀಳ್ಯದೆಲೆ ಅರ್ಧಕ್ಕರ್ಧ ಬಾಡುತ್ತಿತ್ತಂತೆ. ಬುಟ್ಟಿಗೆ ಸುತ್ತಿ ನೋಡುತ್ತೇನೆಂದು ಹಸಿ ಕಂಬಳಿಯೊಂದನ್ನು ಹಾಗೇ ಒಯ್ದರು. ಮುಂದಿನ ಸಂತೆ ಅಮಾವಾಸ್ಯೆಗೆ ಎರಡೇ ದಿನ ಮುಂಚೆ. ಆ ವಾರವೆಲ್ಲ ನಾನು ದಿನ ಎಣಿಸಿದೆ. ಸಂತೆಯ ದಿನ ಸಾಹೇಬರು ಬಂದವರೇ ನನ್ನ ಕೈಗೆ ಒಂದು ಎಲೆ ಕೊಟ್ಟರು. ಆಗ ತಾನೇ ಬಳ್ಳಿಯಿಂದ ಕೊಯ್ದಂತಿತ್ತು. ಅವತ್ತೇ ಇನ್ನೂ ನಾಲ್ಕು ಕಂಬಳಿ ಕೊಂಡರು. ಸ್ಟೇಷನ್ನಿನ ಸೋಡಾ ಅಂಗಡಿಯವನಿಗೂ ಹೇಳಿ ಕಳಿಸಿದರು. ಮಳೆಗಾಲ ಬರುವಷ್ಟರಲ್ಲಿ ನಮ್ಮ ಅಂಗಡಿ ಖಾಲಿ. ಅತ್ತೆ ಕುರಿಯ ಮಾತೆತ್ತಲಿಲ್ಲ.

ಅರವಟ್ಟಿಗೆ ಇಟ್ಟ ದಿನ ಸಂತೆಯಿಂದ ಮರಳುವಾಗ, ಸುಳ್ಳು ಯಾಕೆ ಹೇಳಿದಿರಿ ಎಂದು ಕೇಳಿದೆ. ನಮ್ಮವರು ನನ್ನ ಕಡೆ ತಿರುಗಲೂ ಇಲ್ಲ. ಎತ್ತುಗಳ ಬೆನ್ನು ಸವರುತ್ತ, "ಇಕಿನ್ನ ಬಿಟ್ಟು ಹೋಗಾಕ ನನಗ ಮನಸ್ಸಿರಲಿಲ್ಲಂತ ಇಕಿಗೆ ಹೇಳ್ರೋ" ಎಂದರು.

ಸಾಹೇಬರು ಬದುಕಿರುವ ತನಕ ನನ್ನನ್ನು ಅಕಲಿನ ಅಕ್ಕ ಎಂದೇ ಕರೆದರು. ಪೇಟೆಯಲ್ಲಿ ಈಗಲೂ ಹಾಗೆ ಕರೆಯುವವರಿದ್ದಾರೆ. ನಮ್ಮವರು ತೀರಿಹೋಗಿ ಮೂರು ವರ್ಷವಾಯಿತು, ಅದಕ್ಕೇ ಇವತ್ತು ಮೊಮ್ಮಗಳ ಕೈಯಲ್ಲಿ ನಿಜ ಬರೆಸುತ್ತಿದ್ದೇನೆ: ಅಕಲೂ ಇಲ್ಲ, ಏನೂ ಇಲ್ಲ, ಕೊಡ ಸೋರಿತ್ತು. ಇಷ್ಟು ದಿನ ಯಾರಿಗೂ ಹೇಳಲಿಲ್ಲ. ಅವರು ಜೀವನದಲ್ಲಿ ಹೇಳಿದ್ದು ಅದೊಂದೇ ಸುಳ್ಳು, ಅದೂ ನನಗಾಗಿ. ಅದನ್ನು ಕೆಡಿಸಲು ಮನಸ್ಸು ಬರಲಿಲ್ಲ.