ಅಕ್ಕ ಓದದೆ ಮಡಿಸಿಟ್ಟ ಅರ್ಧ ಭಾಷಣ

ನಾನು ಚಿಕ್ಕವಳಿದ್ದಾಗ ಅಮೆರಿಕದ ಆಶ್‌ಬರ್ನ್‌ನ ನಮ್ಮ ಮನೆಯಲ್ಲಿ ಶನಿವಾರದ ಬೆಳಗು ಶುರುವಾಗುತ್ತಿದ್ದುದೇ ದೋಸೆ ಕಾವಲಿಯ ಚುಯ್ ಸದ್ದಿನಿಂದ. ಹೊಗೆಗೆ ಅಲಾರಂ ಕಿರುಚಿಕೊಳ್ಳದಿರಲೆಂದು ಅಮ್ಮ ಎಂಥ ಚಳಿಯಲ್ಲೂ ಕಿಟಕಿ ತೆರೆದಿಡುತ್ತಿದ್ದರು. ಅಪ್ಪ ಕಾರಿನ ಗಾಜಿನ ಮೇಲಿನ ಮಂಜುಗಡ್ಡೆ ಕೆರೆಯುವ ಕರಕರ ಸದ್ದೂ ಅದರಿಂದಲೇ ಒಳಗೆ ಬರುತ್ತಿತ್ತು.

ಆ ಶನಿವಾರ ಅಕ್ಕ ಮೈಕ್ರೋವೇವ್‌ನ ಕಪ್ಪು ಗಾಜಿನಲ್ಲಿ ಮುಖ ನೋಡಿಕೊಂಡು ಭಾಷಣ ಅಭ್ಯಾಸ ಮಾಡುತ್ತಿದ್ದಳು. ಮಧ್ಯಾಹ್ನ ನಮ್ಮ ಬಡಾವಣೆಯ ಕ್ಲಬ್‌ಹೌಸ್‌ನಲ್ಲಿ ಮಕ್ಕಳ ಕಾರ್ಯಕ್ರಮವಿತ್ತು. ಈ ದೇಶದಲ್ಲಿ ಗುಲಾಮಗಿರಿಯನ್ನು ವಿರೋಧಿಸಿದವರ ಬಗ್ಗೆ ಅವಳು ಮಾತಾಡಬೇಕಿತ್ತು. ಮೊದಮೊದಲು ಅವರು ಅರ್ಜಿ ಬರೆದರು, ಸಭೆ ಸೇರಿದರು, ಪ್ರಾರ್ಥಿಸಿದರು. ತಪ್ಪಿಸಿಕೊಂಡು ಬಂದ ಗುಲಾಮರನ್ನು ಹಿಡಿದು ಮತ್ತೆ ಒಡೆಯನಿಗೇ ಒಪ್ಪಿಸಬೇಕೆಂಬ ಕಾನೂನು ಬಂದಾಗ ಅವರ ತಾಳ್ಮೆ ಮುಗಿಯಿತು. ಸಿಕ್ಕಿಬಿದ್ದವರನ್ನು ಬಿಡಿಸಲು ಗುಂಪಾಗಿ ಹೋಗಿ ಸೆರೆಮನೆಯ ಬಾಗಿಲು ಒಡೆದರು. ಕೆಲವರು ಬಂದೂಕನ್ನೂ ಹಿಡಿದರು.

ಕೈ ಉಜ್ಜಿಕೊಳ್ಳುತ್ತ ಒಳಗೆ ಬಂದ ಅಪ್ಪ ಅಲ್ಲೇ ನಿಂತರು. “ಬಂದೂಕು ಗಿಂದೂಕು ಎಲ್ಲ ಬೇಡಮ್ಮ. ಅರ್ಜಿ ತನಕ ಹೇಳು, ಸಾಕು.”

“ಅಪ್ಪಾ, ಇಟ್ಸ್ ಹಿಸ್ಟರಿ! ನಾನೇನು ಸುಳ್ಳು ಹೇಳ್ತಿಲ್ಲ.”

“ನಮ್ಮ ಗ್ರೀನ್ ಕಾರ್ಡ್ ಇನ್ನೂ ಬಂದಿಲ್ಲ ಕಣೆ. ಯಾರೋ ವಿಡಿಯೊ ಮಾಡ್ತಾರೆ, ಎಲ್ಲೋ ಹಾಕ್ತಾರೆ. ನಮಗ್ಯಾಕೆ?”

ಅಕ್ಕ ಅಮ್ಮನ ಕಡೆ ನೋಡಿದಳು. ಅಮ್ಮ ದೋಸೆ ಮಗುಚಿದರು. ಭಾಷಣ ಗಿಡ್ಡವಾದರೆ ಕೊನೆಗೆ ಕೊಡುವ ಕೇಕ್ ಬೇಗ ಸಿಗುತ್ತದೆ ಎಂಬುದಷ್ಟೇ ನನ್ನ ತಲೆಯಲ್ಲಿತ್ತು.

ಮಧ್ಯಾಹ್ನ ಅಕ್ಕ ಅರ್ಜಿಯವರೆಗೆ ಓದಿ, ಹಾಳೆ ಮಡಿಸಿ, ಕೆಳಗಿಳಿದಳು. ಚಪ್ಪಾಳೆ ಬಿತ್ತು. ಮುಂದಿನ ಸಾಲಿನಲ್ಲಿದ್ದ ಪಕ್ಕದ ಮನೆಯ ಆಫ್ರಿಕನ್ ಅಮೆರಿಕನ್ ಅಜ್ಜಿ ಮಾತ್ರ ಇನ್ನೂ ಏನೋ ಬಾಕಿ ಇದೆಯೆಂಬಂತೆ ಮಡಿಲಲ್ಲಿ ಕೈಯಿಟ್ಟುಕೊಂಡೇ ಕೂತಿದ್ದರು. ನಾನು ಕೇಕ್ ತಿಂದೆ. ಅದರ ನೀಲಿ ಕೆನೆ ನಾಲಗೆಗೆ ಅಂಟಿಕೊಂಡಿತ್ತು. ಅಕ್ಕ ಮುಟ್ಟಲಿಲ್ಲ.

ಮಕ್ಕಳೇ, ಈಗ ನೀವು ಊಟದ ಮೇಜಿನಲ್ಲೇ ದೇಶದ ಅಧ್ಯಕ್ಷರನ್ನು ಜೋರಾಗಿ ಬೈಯುತ್ತೀರಿ, ನಿಮ್ಮಪ್ಪ ಸಾರು ಬಡಿಸುತ್ತ ನಗುತ್ತಾನೆ. ಆಗ ನಮ್ಮ ಮನೆಯಲ್ಲಿ ಆ ಕಾರ್ಡು ಬರುವ ತನಕ ಎಲ್ಲರ ದನಿಯೂ ಸಣ್ಣದಾಗಿತ್ತು. ಅಪ್ಪನ ಮೇಲೆ ನನಗೆ ಕೋಪವಿಲ್ಲ. ಆದರೂ ಆ ಸಂಜೆ ನೆನಪಾದರೆ ಈಗಲೂ ತಲೆ ತಗ್ಗುತ್ತದೆ.

ಅಪ್ಪನೂ ನಾನೂ ಕಸದ ಡಬ್ಬಿಯನ್ನು ರಸ್ತೆಯಂಚಿಗೆ ಉರುಳಿಸಿಕೊಂಡು ಹೋದಾಗ ಆ ಅಜ್ಜಿಯೂ ತಮ್ಮದನ್ನು ತಂದು ನಿಲ್ಲಿಸಿದರು.

“ನಿಮ್ಮ ಹುಡುಗಿ ಚೆನ್ನಾಗಿ ಮಾತಾಡಿದಳು,” ಎಂದರು ಅಪ್ಪನಿಗೆ. “ನಮ್ಮಜ್ಜಿಯ ತಾತನನ್ನು ಕೂಡಿಹಾಕಿದ್ದ ಸೆರೆಮನೆಯ ಬಾಗಿಲು ಅರ್ಜಿಗೆ ತೆರೆದುಕೊಳ್ಳಲಿಲ್ಲವಂತೆ, ಒಡೆದೇ ಬಿಡಿಸಿಕೊಂಡು ಬಂದರಂತೆ. ನಾಳೆ ಸ್ನೋ ಬೀಳುತ್ತಂತೆ ನೋಡಿ, ಕಾರಿನ ವೈಪರ್ ಗಾಜಿಗೆ ಹೆಪ್ಪುಗಟ್ಟಿ ಅಂಟದ ಹಾಗೆ ಎತ್ತಿಟ್ಟುಬಿಡಿ.”