ಕೂತು ಅಳೆಯಬೇಕಾದ ಕೋಟು

ಚಳಿಗಾಲದಲ್ಲಿ ಮೋಟಾರ್ ಸೈಕಲ್ ಓಡಿಸುವವರು ಸಲಹೆ ಕೇಳಿದರೂ ಕೇಳದಿದ್ದರೂ ನಾನು ಮೊದಲು ಹೇಳುವುದು ಇದು: ಕೋಟು ಕೊಳ್ಳುವಾಗ ಅಂಗಡಿಯವನ ಹತ್ತಿರ ಒಂದು ಸ್ಟೂಲು ಕೇಳಿ, ಅದರ ಮೇಲೆ ಕಾಲು ಅಗಲಿಸಿ ಕೂತು ನೋಡಿ. ಕೋಟಿನ ಅಂಚು ಎಲ್ಲಿ ಬೀಳುತ್ತದೆ, ಹಿಂದೆ ಎಷ್ಟು ಜೋಲುತ್ತದೆ, ಎರಡೂ ಕಣ್ಣಿಗೆ ಬೀಳಬೇಕು. ಅಂಗಡಿಯವನು ನಗುತ್ತಾನೆ, ನಗಲಿ. ನನಗೆ ಈ ಬುದ್ಧಿ ಬಂದದ್ದು ತಡವಾಗಿ. ಅದಕ್ಕೆ ಬೆಲೆ ತೆತ್ತವರು ನನ್ನ ಭಾವ.

ಅರವತ್ತರ ದಶಕದ ಮೊದಲ ವರ್ಷಗಳು. ನಾನು ಹೆಬ್ಬಾಳದಲ್ಲಿದ್ದೆ. ಖಾಲಿ ಗೋಣಿಚೀಲ ಕೊಂಡು ಮಾರುವುದರಿಂದ ಶುರು ಮಾಡಿ, ಹಳೇ ಟೈರು, ಸೈಕಲ್ ಸಾಮಾನು, ಕೊನೆಗೆ ಮಿಲಿಟರಿಯವರು ಹರಾಜಿಗೆ ಹಾಕುವ ಮಾಲಿನವರೆಗೆ ಬಂದಿದ್ದೆ. ಇದರಲ್ಲಿ ಅಪ್ಪನ ಕಾಸು ಒಂದೂ ಇರಲಿಲ್ಲ. ಚೌಕಾಸಿಗೆ ಕೂತರೆ ನನ್ನನ್ನು ಮಾತಿನಲ್ಲಿ ಸೋಲಿಸುವವರು ಯಶವಂತಪುರದ ಸಂತೆಯಲ್ಲಿ ಇಬ್ಬರೋ ಮೂವರೋ ಇದ್ದರು ಅಷ್ಟೆ.

ಅಕ್ಕ ಮತ್ತು ಭಾವ ಯಲಹಂಕದಲ್ಲಿ, ರೈಲು ಹಳಿಯ ಪಕ್ಕದ ಬಾಡಿಗೆ ಮನೆಯಲ್ಲಿದ್ದರು. ಭಾವನಿಗೆ ಜಾಲಹಳ್ಳಿಯ ಕಾರ್ಖಾನೆಯೊಂದರಲ್ಲಿ ಕೆಲಸ, ಇನ್ನೂ ಖಾಯಂ ಆಗಿರಲಿಲ್ಲ. ಬೆಳಗಿನ ಮೊದಲ ಪಾಳಿಗೆ ಸಮಯಕ್ಕೆ ತಲುಪಿಸುವ ಬಸ್ಸು ಆಗ ಆ ಕಡೆಗೆ ಇರಲಿಲ್ಲ. ಅದಕ್ಕೇ ಯುದ್ಧಕಾಲದ ಒಂದು ಮೋಟಾರ್ ಸೈಕಲ್ಲನ್ನು ಹರಾಜಿನಲ್ಲಿ ಹಿಡಿದು, ರಿಪೇರಿ ಮಾಡಿಸಿ ಅವರಿಗೆ ಕೊಟ್ಟಿದ್ದೆ. ಒಳ್ಳೆಯ ಗಾಡಿ. ಚೈನಿನ ಮೇಲೆ ಮಾತ್ರ ಒಂದು ಬೆರಳಗಲದ ತಗಡು, ಉಳಿದದ್ದೆಲ್ಲ ಬಯಲು. ಆಗಿನ ಗಾಡಿಗಳು ಹಾಗೇ ಇರುತ್ತಿದ್ದವು.

ಗಾಡಿಯ ಮೊದಲ ಚಳಿಗಾಲದಲ್ಲೇ ಭಾವನಿಗೆ ನ್ಯುಮೋನಿಯಾ ಆಯಿತು. ಕಾರ್ತಿಕ ಕಳೆದ ಮೇಲೆ ಯಲಹಂಕ ಕೆರೆಯಿಂದ ಏಳುವ ಮಂಜು, ಆ ಮಂಜನ್ನು ಸೀಳಿಕೊಂಡು ಹೋಗುವಾಗ ಎದೆಗೆ ಹೊಡೆಯುವ ಗಾಳಿ, ಇವು ಮನೆಯೊಳಗೆ ಕೂತವರಿಗೆ ಅರ್ಥವಾಗುವುದಿಲ್ಲ. ಎರಡು ತಿಂಗಳು ಆಸ್ಪತ್ರೆಯಲ್ಲಿ ಮಲಗಿದರು. ಕಾರ್ಖಾನೆಯ ಡಾಕ್ಟರು ಕಡ್ಡಿ ತುಂಡು ಮಾಡಿದಂತೆ ಹೇಳಿದರು: ಮುಂದಿನ ಸಂಕ್ರಾಂತಿ ಆದ ಮೇಲೆ ಎದೆಯ ಎಕ್ಸ್-ರೇ ತೆಗೆಯುತ್ತೇವೆ. ಚೆನ್ನಾಗಿದ್ದರೆ ಖಾಯಂ. ಇಲ್ಲದಿದ್ದರೆ ಮನೆಗೆ.

ಮುಂದಿನ ಚಳಿ ಶುರುವಾಗುವ ಹೊತ್ತಿಗೆ ಅಕ್ಕ ಹೆಬ್ಬಾಳಕ್ಕೆ ಬಂದಳು. ಕೂತುಕೊಳ್ಳಲೂ ಇಲ್ಲ.

"ಗಾಡಿ ತಂದ್ಕೊಟ್ಟೋನು ನೀನು. ಇವರ ಎದೆಗೆ ಗಾಳಿ ಬೀಳದ ಹಾಗೆ ಮಾಡೋನೂ ನೀನೇ ಕಣೋ. ಇನ್ನೊಂದ್ಸಲ ಅವರು ಮಲಗಿದ್ರೆ ಏಳಲ್ಲ."

"ಅದಕ್ಕ್ಯಾಕೆ ಇಷ್ಟು ಮುಖ ಸಣ್ಣ ಮಾಡ್ತೀಯಕ್ಕಾ? ಮಿಲಿಟರಿ ಕೋಟೇ ತರ್ತೀನಿ. ಹಿಮಾಲಯದಲ್ಲಿ ಹಾಕ್ಕೊಳ್ಳೋದು," ಎಂದೆ.

ಸಂತೆ ಬೀದಿಯ ಕೊನೆಯಲ್ಲಿ ಒಬ್ಬ ಸಾಬರು ಟಾರ್ಪಾಲಿನ ಮೇಲೆ ಮಿಲಿಟರಿ ಬಟ್ಟೆ ಹರವಿಕೊಂಡು ಕೂರುತ್ತಿದ್ದರು. ವಯಸ್ಸಾದವರು, ಮಾತು ಕಡಿಮೆ. ಎರಡು ಕೋಟು ಎತ್ತಿಟ್ಟರು. ಒಂದು ಸೊಂಟದಿಂದ ಒಂದು ಗೇಣು ಕೆಳಗೆ ನಿಲ್ಲುವ ಗಿಡ್ಡದು, ಮೋಟಾರ್ ಸೈಕಲ್ ಮೇಲೆ ಪತ್ರ ಒಯ್ಯುವ ಸಿಪಾಯಿಗಳದ್ದು. ಇನ್ನೊಂದು ಉದ್ದನೆಯ ದಪ್ಪ ಉಣ್ಣೆಯ ಕೋಟು, ಪಹರೆ ನಿಲ್ಲುವವರದ್ದು. ಎರಡಕ್ಕೂ ಒಂದೇ ರೇಟು ಹೇಳಿದರು. ನನ್ನ ಕೈ ತಾನಾಗಿಯೇ ಉದ್ದದ್ದರ ಮೇಲೆ ಹೋಯಿತು.

"ಗಾಡಿಗಾ ಸ್ವಾಮಿ? ಹಾಗಾದ್ರೆ ಗಿಡ್ಡದು ತಗೊಳ್ಳಿ. ಆ ಉದ್ದದ್ದು ನಿಲ್ಲೋರ ಕೋಟು, ಕೂರೋರದ್ದಲ್ಲ."

"ಮೊಳಗಟ್ಲೆ ಬಟ್ಟೆ ಜಾಸ್ತಿ ಇದೆ, ರೇಟು ಅದೇ. ಗಿಡ್ಡದು ತಗೊಳ್ಳೋಕೆ ನನಗೇನು ತಲೆ ಕೆಟ್ಟಿದ್ಯಾ ಸಾಬ್ರೇ?"

"ಕಾಲ್ಗೆ ತೊಡರುತ್ತೆ ಸ್ವಾಮಿ."

"ತೊಡರಿದ್ರೆ ನಮ್ಮ ಕಾಲು ತಾನೇ. ನೀವು ರೇಟು ಇಳಿಸಿ."

ಅವರು ಇಳಿಸಿದರು. ಮೇಲೆ ಒಂದು ಜೊತೆ ಉಣ್ಣೆಯ ಕೈಗವಸನ್ನೂ ಹಾಕಿಸಿಕೊಂಡೆ. ಅಲ್ಲೇ ಕೋಟು ತೊಟ್ಟು ನಿಂತು ನೋಡಿಕೊಂಡೆ. ಮೊಣಕಾಲಿನ ಕೆಳಗೆ ಬಂತು. ನಾನು ಎತ್ತರದ ಆಳು, ಭಾವ ನನ್ನ ಭುಜಕ್ಕೆ ಬರುತ್ತಾರೆ. ಅದು ಆಗಲೇ ಹೊಳೆಯಿತು. ಉದ್ದ ಇದ್ದಷ್ಟೂ ಬೆಚ್ಚಗೆ ಎಂದುಕೊಂಡೆ.

ಯಲಹಂಕದಲ್ಲಿ ಭಾವ ತೊಟ್ಟಾಗ ಅಂಚು ಹಿಮ್ಮಡಿಗೆ ಹತ್ತಿರ ಬಂತು. ಅಕ್ಕನ ಬಲವಂತಕ್ಕೆ ಅವರನ್ನೂ ಕೋಟನ್ನೂ ಅಲ್ಲಿನ ಟೈಲರ್ ಹತ್ತಿರ ಕರೆದುಕೊಂಡು ಹೋದೆ. ಟೈಲರ್ ಭಾವನ ಮೊಣಕಾಲಿನ ಹತ್ತಿರ ಸೀಮೆಸುಣ್ಣದಲ್ಲಿ ಸುತ್ತ ಗೆರೆ ಎಳೆದು ಕತ್ತರಿ ತೆಗೆದ.

"ಒಂದು ಮೊಳ ತೆಗೆದ್ಬಿಡ್ತೀನಿ ಅಣ್ಣಾ."

"ಏಯ್, ಇರಪ್ಪ! ಇಡೀ ಕೋಟು ಅಂದ್ರೆ ಮಾಲು. ಕತ್ತರಿ ಬಿದ್ರೆ ಚಿಂದಿ. ನಾಳೆ ಮಾರೋಕೆ ಬರಲ್ಲ."

"ಹಾಗಾದ್ರೆ ಒಳಗಡೆ ಮಡಚಿ ಹೊಲಿದ್ಬಿಡ್ಲಾ?"

"ಬಿಚ್ಚಿದ ಮೇಲೆ ಸೂಜಿ ತೂತು ಕಾಣುತ್ತೆ. ಬೇಡ."

ನನ್ನ ಲೆಕ್ಕಾಚಾರ ಹೀಗಿತ್ತು: ಭಾವ ಖಾಯಂ ಆದ ಮೇಲೆ ಅಳತೆ ಕೊಟ್ಟು ತಮ್ಮದೇ ಕೋಟು ಹೊಲಿಸಿಕೊಳ್ಳುತ್ತಾರೆ, ಇದನ್ನು ಮುಂದಿನ ಚಳಿಗೆ ನಾನು ಅದೇ ಬೆಲೆಗೆ ಬೇರೆಯವರಿಗೆ ದಾಟಿಸುತ್ತೇನೆ. ವ್ಯಾಪಾರಿ ಮನೆಯವರಿಗೆ ಕೊಟ್ಟರೂ ಒಂದು ಕಣ್ಣು ಮುಂದಿನ ಗಿರಾಕಿಯ ಮೇಲೆ ಇಟ್ಟಿರುತ್ತಾನೆ. ನಾನೂ ಇಟ್ಟಿದ್ದೆ.

ಇನ್ನೊಂದು ಉಪಾಯವೂ ನನ್ನದೇ. ಎಂಥ ಕೋಟಾದರೂ ಗುಂಡಿಗಳ ಸಂದಿನಲ್ಲಿ ಗಾಳಿ ನುಗ್ಗುತ್ತದೆ. ಅದಕ್ಕೇ ಹಿಂದುಮುಂದಾಗಿ ತೊಡಬೇಕು. ಬೆನ್ನಿನ ಭಾಗ ಎದೆಗೆ, ಗುಂಡಿ ಬೆನ್ನಿಗೆ. ಒಳಗೆ ಅಂಗಿಯ ಮೇಲೆ ನಾಲ್ಕು ಮಡಿಕೆ ಹಳೇ ಪೇಪರು. ಮಫ್ಲರಿನ ತುದಿ ಹೊರಗೆ ಬಿಡಬಾರದು. ಪೇಪರು, ಮಫ್ಲರಿನ ಮಾತು ಇವತ್ತಿಗೂ ಸರಿ, ಬರೆದಿಟ್ಟುಕೊಳ್ಳಿ.

ಹಿಂದೆ ಗುಂಡಿ ಹಾಕಲು ಇನ್ನೊಬ್ಬರು ಬೇಕು. ದಿನಾ ಬೆಳಗ್ಗೆ, ಬೆಳಕು ಹರಿಯುವ ಮುಂಚೆ, ಭಾವ ಬಾಗಿಲಲ್ಲಿ ಬೆನ್ನು ಕೊಟ್ಟು ನಿಲ್ಲುತ್ತಿದ್ದರು. ಅಕ್ಕ ಕತ್ತಿನಿಂದ ಸೊಂಟದವರೆಗೆ ಒಂದೊಂದೇ ಗುಂಡಿ ಹಾಕುತ್ತಿದ್ದಳು. ಕಾರ್ಖಾನೆಯ ಗೇಟಿನಲ್ಲಿ ಬಿಚ್ಚುವವನು ಕಾವಲಿನವನು. ಅಲ್ಲಿ ಜೊತೆಯವರು ರೇಗಿಸುತ್ತಿದ್ದರಂತೆ.

"ಏನ್ ಗುರು, ಬರ್ತಾ ಇದೀಯೋ ಹೋಗ್ತಾ ಇದೀಯೋ? ಕೋಟು ನೋಡಿದ್ರೆ ಗೊತ್ತಾಗಲ್ವಲ್ಲ!"

ಇದನ್ನು ಹೇಳಿಕೊಂಡು ಭಾವನೇ ನಗುತ್ತಿದ್ದರು. ಧನುರ್ಮಾಸ ಮುಗಿಯುತ್ತಾ ಬಂದರೂ ಅವರು ಒಂದು ಸಲವೂ ಕೆಮ್ಮಲಿಲ್ಲ. "ಒಂದು ಸೀನೂ ಇಲ್ಲ ಕಣೋ," ಎಂದು ಅಕ್ಕ ನನ್ನ ತಲೆ ಸವರಿದಳು. ಮೂವತ್ತು ದಾಟಿದ್ದ ನಾನು ಎಮ್ಮೆ ಕರುವಿನ ಹಾಗೆ ತಲೆ ಬಗ್ಗಿಸಿ ಸವರಿಸಿಕೊಂಡೆ. ಹೆಬ್ಬಾಳದಲ್ಲಿ ಸಿಕ್ಕಸಿಕ್ಕವರಿಗೆಲ್ಲ ಕೋಟು ತಿರುಗಿಸಿ ತೊಡುವ ಪಾಠ ಹೇಳಿದೆ.

ಸಂಕ್ರಾಂತಿಗೆ ಇನ್ನೇನು ಒಂದು ವಾರವಿತ್ತು. ಭಾನುವಾರ ಊಟಕ್ಕೆ ಹೋಗಿದ್ದಾಗ ಭಾವ ಕೈ ತೊಳೆಯುತ್ತಾ ಹೇಳಿದರು:

"ಆ ಕೋಟಿನ ಬಾಲದ್ದೇ ಒಂದು ಕಾಟ ಕಣಯ್ಯಾ. ಸೊಂಟದಿಂದ ಕೆಳಗೆ ಎರಡು ಸೀಳಾಗಿ ಹಿಂದೆ ಜೋಲುತ್ತೆ. ತೊಡೆ ಕೆಳಗೆ ಸಿಗಿಸ್ಕೊಂಡು ಕೂತ್ರೂ ರಸ್ತೆ ಹಳ್ಳಕ್ಕೆ ಗಾಡಿ ಬಿದ್ರೆ ಜಾರುತ್ತೆ. ಸ್ವಲ್ಪ ಕತ್ತರಿಸ್ಕೊಳ್ಲಾ?"

"ಸಂಕ್ರಾಂತಿ ಕಳೀಲಿ ಭಾವ. ಒಂದು ವಾರ ತಾನೇ? ಸರಿಯಾಗಿ ಕೂತ್ಕೊಳ್ಳಿ ಅಷ್ಟೆ."

ಅವರು ಮತ್ತೆ ಕೇಳಲಿಲ್ಲ. ಕತ್ತರಿ ಅವರ ಮನೆಯಲ್ಲೇ ಇತ್ತು, ಅಕ್ಕನ ಹೊಲಿಗೆ ಡಬ್ಬದಲ್ಲಿ. ಆದರೆ ಹೆಂಡತಿಯ ತಮ್ಮ ತಂದುಕೊಟ್ಟ ವಸ್ತುವಿಗೆ ಅವನ ಒಪ್ಪಿಗೆ ಇಲ್ಲದೆ ಕತ್ತರಿ ಹಾಕುವ ಜಾಯಮಾನ ಅವರದ್ದಲ್ಲ.

ಬುಧವಾರ ಬೆಳಗ್ಗೆ, ಕೆರೆ ಏರಿ ಇಳಿಯುವ ಕಡೆ, ಬಾಲ ಜಾರಿ ಚೈನಿಗೆ ಸಿಕ್ಕಿತು. ಗಾಡಿ ಮಗುಚಿತು. ಎಂಜಿನ್ ನಿಲ್ಲಲಿಲ್ಲ, ಚಕ್ರ ತಿರುಗುತ್ತಾ ಕೋಟನ್ನು ಸುತ್ತಿಕೊಂಡಿತು, ಕೋಟಿನ ಜೊತೆ ಎಡಗಾಲನ್ನೂ ಎಳೆದುಕೊಂಡಿತು. ಮುಂದೆ ಗುಂಡಿ ಇದ್ದಿದ್ದರೆ ಒಂದೇ ಎಳೆತಕ್ಕೆ ಕಿತ್ತು ಹೊರಗೆ ಬರಬಹುದಿತ್ತು.

ಅವರನ್ನು ಮೊದಲು ನೋಡಿದ್ದು ಅವರೆಕಾಯಿ ತುಂಬಿದ ಎತ್ತಿನ ಗಾಡಿಯ ರೈತ, ಕೆಂಪಾಪುರದ ಕಡೆಯವರು. ಆಮೇಲೆ ಹುಡುಕಿಕೊಂಡು ಹೋಗಿ ಕೈ ಮುಗಿದಾಗ ಅವರು ನನಗೆ ಹೇಳಿದರು:

"ಮಲಗಿದ್ದಂಗೇ ಕೈ ಇಂದಕ್ಕಾಕಿ ಬೆನ್ನು ತಡವ್ತಾ ಇದ್ರು ಸ್ವಾಮಿ. ನಾನು ಗಾಯ ಅಲ್ಲೈತೇನೋ ಅಂದ್ಕೊಂಡೆ. ಗುಂಡಿ ಉಡುಕ್ತಾ ಇದ್ರು. ಆ ಮಿಷಿನ್ನು ನಿಲ್ಸೋದು ಎಂಗೆ ಅಂತ ನಂಗೆಲ್ಲಿ ಗೊತ್ತು? ಕುಡ್ಲಲ್ಲಿ ಬಟ್ಟೆ ಕುಯ್ದೆ. ಅಬ್ಬಬ್ಬಾ, ಏನ್ ಗಟ್ಟಿ ಬಟ್ಟೆ!"

ಅವರು ಬಟ್ಟೆಯನ್ನು ಹೊಗಳಿದ್ದರು. ಸಂತೆಯಲ್ಲಿ ನಾನೂ ಅದನ್ನೇ ಹೊಗಳಿದ್ದೆ.

ಮೊಣಕಾಲಿನ ಕೆಳಗೆ ಕಾಲು ಉಳಿಯಲಿಲ್ಲ. ಆಪರೇಷನ್ನಿಗೆ ಮುಂಚೆ ಆಸ್ಪತ್ರೆಯಲ್ಲಿ ಎದೆಯ ಎಕ್ಸ್-ರೇಯನ್ನೂ ತೆಗೆದರು. ಡಾಕ್ಟರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಎದೆಯಲ್ಲಿ ಏನೂ ತೊಂದರೆ ಇಲ್ಲ, ಆಪರೇಷನ್ನಿಗೆ ಮತ್ತಿನ ಮದ್ದು ಕೊಡಬಹುದು ಎಂದರು. ಭಾವ ಮಂಚದ ಮೇಲಿಂದ ನನ್ನ ಕಡೆ ತಿರುಗಿದರು.

"ಕೇಳಿಸ್ಕೊಂಡ್ಯಾ? ಎದೆ ಪಾಸಾಯ್ತಂತೆ."

ನಾನು ಕಂಬಳಿಯನ್ನು ಅವರ ಕತ್ತಿನವರೆಗೆ ಎಳೆದು ಹೊದಿಸಿದೆ.

ಕೆಲಸ ಹೋಯಿತು. ಅದು ಪೂರ್ತಿ ಪಾಳಿ ನಿಂತು ಮಾಡುವ ಕೆಲಸ. ನನ್ನ ಗೋದಾಮಿನಲ್ಲಿ ಕೂತು ಮಾಡುವಂಥ ಕೆಲಸ ಕೊಟ್ಟೆ. ಟೈರು ಗ್ರೇಡು ಮಾಡುವುದು, ಗಿರಾಕಿಗೆ ಚೀಟಿ ಬರೆಯುವುದು. ಅವರು ಒಂದು ದಿನವೂ ಕೋಟಿನ ಮಾತೆತ್ತಲಿಲ್ಲ. ಅಕ್ಕನೂ ಎತ್ತಲಿಲ್ಲ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ಮರುವರ್ಷ ಕಾರ್ತಿಕ ಕಳೆಯುತ್ತಿದ್ದ ಹಾಗೆ ಉಳಿದ ಮೋಟುಗಾಲಿಗೆ ಚಳಿ ಹಿಡಿಯಲು ಶುರುವಾಯಿತು. ಬೆಳಗಿನ ಹೊತ್ತು ಇಲ್ಲದ ಪಾದ ಕೊರೆಯುತ್ತದೆ ಎಂದು ಭಾವ ಹಲ್ಲು ಕಚ್ಚಿ ಕೂರುತ್ತಿದ್ದರು. ಒಂದು ದಿನ ಅಕ್ಕ ಪೆಟ್ಟಿಗೆಯ ತಳದಿಂದ ಗಂಟೊಂದನ್ನು ತೆಗೆದು ನನ್ನ ಮುಂದಿಟ್ಟಳು. ಕೋಟು. ರಕ್ತದ ಕಲೆ ಒಗೆದು ಒಗೆದು ಕಂದಾಗಿತ್ತು. ಕುಡುಗೋಲು ಕೊಯ್ದ ಅಂಚು ಎಳೆ ಎಳೆಯಾಗಿತ್ತು.

"ಇದರಲ್ಲಿ ಇವರ ಕಾಲಿಗೆ ಒಂದು ಚೀಲ ಹೊಲಿಸ್ಕೊಂಡು ಬಾ," ಎಂದಳು. ಭಾವನನ್ನು ಮಂಚದ ಅಂಚಿನಲ್ಲಿ ಕೂರಿಸಿ, ದಾರ ಸುತ್ತಿ, ಅಳತೆಗೆ ಗಂಟು ಹಾಕಿ ಆ ದಾರವನ್ನು ನನ್ನ ಕೈಗೆ ಕೊಟ್ಟಳು.

ಅದೇ ಟೈಲರ್ ಹತ್ತಿರ ಹೋದೆ. ಅವನು ಕೋಟನ್ನು ಮೇಜಿನ ಮೇಲೆ ಹರಡಿ ಗುರುತು ಹಿಡಿದ. ಕತ್ತರಿ ಕೈಯಲ್ಲಿ ಹಿಡಿದವನು ಬಟ್ಟೆಗೆ ಮುಟ್ಟಿಸದೆ ನನ್ನ ಮುಖ ನೋಡಿದ.

"ಹಾಕ್ಲಾ ಅಣ್ಣಾ?"

"ಹಾಕಪ್ಪಾ," ಎಂದೆ.

ಬಟ್ಟೆ ಧಾರಾಳವಾಗಿತ್ತು. ಒಂದು ಕೇಳಿದ್ದಕ್ಕೆ ಮೂರು ಚೀಲ ಬಂದವು.